ಮಾವನ ಫಿಲ್ಟರ್ ಪರೀಕ್ಷೆ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಅವರವರ ಮೋಟಾರ್ ಸೈಕಲ್ಲಿನ ಹೊಟ್ಟೆಯೊಳಗೆ ಏನಿತ್ತು ಎಂಬುದನ್ನು ಮಾತ್ರ ಮರೆಯುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಕೈಮುಗಿದು "ಗುರುತು ಸಿಕ್ತಾ?" ಎಂದು ಕೇಳಿದರೆ ಮಾವ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಆ ಮನುಷ್ಯ ಊಟ ಮುಗಿಸಿ ತನ್ನ ಬೈಕ್ ಹತ್ತಿದ ಕೂಡಲೇ ಅವರ ಮುಖ ಅರಳುತ್ತದೆ. "ಅಯ್ಯೋ, ಡ್ಯೂಪ್ಲಿಕೇಟ್ ಫಿಲ್ಟರ್ ಹಾಕಿಸ್ಕೊಂಡಿದ್ನಲ್ಲ, ಅವನಲ್ವಾ ಇವನು" ಎಂದು ಪಕ್ಕದವರಿಗೆ ಹೇಳುತ್ತಾರೆ. ಪಕ್ಕದಲ್ಲಿ ಸಾಮಾನ್ಯವಾಗಿ ಆ ಮನುಷ್ಯನ ಹೆಂಡತಿಯೇ ನಿಂತಿರುತ್ತಾಳೆ!

ಮಾವ ನನ್ನ ಅಮ್ಮನ ತಮ್ಮ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಯ ಸಾಲಿನಲ್ಲೇ ಅವರ ಮನೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ನಾನು ಚಿಕ್ಕವಳಿದ್ದಾಗಲೇ ಅಪ್ಪ ಹೋದದ್ದರಿಂದ ನಮ್ಮ ಮನೆಯಲ್ಲಿ ಮಾವನ ಮಾತೇ ಕೊನೆಯ ಮಾತು. ಯಾವ ಕಾಲೇಜು, ಯಾವ ಗ್ಯಾಸ್ ಒಲೆ, ಯಾವ ಡಾಕ್ಟರು, ಎಲ್ಲಕ್ಕೂ ಅಮ್ಮ "ನಿಮ್ಮ ಮಾವನ್ನ ಕೇಳು" ಎನ್ನುತ್ತಿದ್ದಳು. ಮಾವ ಅರೆಕ್ಷಣವೂ ಯೋಚಿಸದೆ ಉತ್ತರ ಹೇಳುತ್ತಿದ್ದರು. ತಮಗೆ ಗೊತ್ತಿಲ್ಲದ ವಿಷಯಗಳಲ್ಲಿ ಇನ್ನೂ ಬೇಗ ಹೇಳುತ್ತಿದ್ದರು.

ಆದರೆ ಆಯಿಲ್ ಫಿಲ್ಟರ್ ಅವರಿಗೆ ನಿಜವಾಗಿ ಗೊತ್ತಿದ್ದ ವಿಷಯ. ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ನಮ್ಮ ಬೈಕುಗಳಲ್ಲಿ ಎಂಜಿನ್ನಿನ ಒಂದು ಪಕ್ಕಕ್ಕೆ ಪುಟ್ಟ ಮುಚ್ಚಳವಿರುತ್ತದೆ, ಅದಕ್ಕೆ ಮೂರು ಬೋಲ್ಟು. ಬಿಚ್ಚಿದರೆ ಒಳಗೆ ಸೀರೆಯ ನೆರಿಗೆಯ ಹಾಗೆ ಮಡಿಸಿದ ಕಾಗದದ ಒಂದು ಗಿಡ್ಡ ಉರುಳೆ. ಆಯಿಲ್ಲಿನ ಕೊಳೆಯನ್ನೆಲ್ಲ ತಾನು ಹಿಡಿದಿಟ್ಟುಕೊಂಡು ಎಂಜಿನ್ನನ್ನು ಕಾಪಾಡುವುದು ಅದರ ಕೆಲಸ. ಅದರ ಒಂದು ತುದಿಯಲ್ಲಿ ತೂತಿದೆ, ಇನ್ನೊಂದು ತುದಿ ಮುಚ್ಚಿದೆ. ತೂತಿನ ಕಡೆ ಒಳಕ್ಕೆ ಹೋಗಬೇಕು. ಉಲ್ಟಾ ಹಾಕಿದರೆ ಆಯಿಲ್ ಸರಿಯಾಗಿ ಹರಿಯದೆ ಎಂಜಿನ್ ಒಳಗೊಳಗೇ ಸವೆಯುತ್ತದೆ. ಇಷ್ಟು ತಿಳಿದರೆ ನೀವು ಈ ಪ್ರಬಂಧ ಓದಲು ಅರ್ಹರು. ಮಾವನ ಲೆಕ್ಕದಲ್ಲಿ ಮದುವೆಯಾಗಲೂ ಅರ್ಹರು!

ಮಾವ ಭದ್ರಾವತಿಯಲ್ಲಿ ಫಿಲ್ಟರ್ ಕೊಳ್ಳುವವರಲ್ಲ. ಸಿಗುವುದಿಲ್ಲವೆಂದಲ್ಲ, ನಂಬಿಕೆಯಿಲ್ಲ. ಅವರ ನಂಬಿಕೆಯೇನಿದ್ದರೂ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿರುವ ಬಾಷಾ ಭಾಯಿಯ ಬಿಡಿಭಾಗದ ಅಂಗಡಿಯ ಮೇಲೆ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಬೇಕಲ್ಲ, ಅದಕ್ಕೆ ಹಳೆಯ ಫಿಲ್ಟರನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಶಾಲೆಯಲ್ಲಿ ಮೇಡಂ. ಅವರ ಊಟದ ಡಬ್ಬಿಯೂ ಅದೇ ಜೋಡಿಯದು. ಮುಂದಿನದನ್ನು ನೀವು ಊಹಿಸಿರುತ್ತೀರಿ.

ಒಂದು ದಿನ ಬಾಷಾ ಭಾಯಿಯ ಗಲ್ಲಾಪೆಟ್ಟಿಗೆಯ ಮೇಲೆ ಮಾವ ಡಬ್ಬಿಯಿಟ್ಟು, ಅತ್ತ ನೋಡದೆಯೇ ಮುಚ್ಚಳ ತೆಗೆದು, "ಇದೇ ಸೈಜು ಕೊಡಿ ಭಾಯ್" ಎಂದರಂತೆ. ಬಾಷಾ ಭಾಯಿ ಬಗ್ಗಿ ನೋಡಿದರು. ಒಳಗೆ ಚಿತ್ರಾನ್ನ, ಮೇಲೆ ಎರಡು ಹಪ್ಪಳ.

"ಈ ಮಾಲು ನಮ್ಮಲ್ಲಿಲ್ಲ ಸಾಬ್. ಪಕ್ಕದ ಹೋಟ್ಲಲ್ಲಿ ಕೇಳಿ" ಎಂದರು.

ಅದೇ ಹೊತ್ತಿಗೆ ಭದ್ರಾವತಿಯ ಶಾಲೆಯೊಂದರ ಸ್ಟಾಫ್ ರೂಮಿನಲ್ಲಿ ಅತ್ತೆ ಎಲ್ಲರೆದುರು ಡಬ್ಬಿ ತೆರೆದರು. ಕರಿ ಆಯಿಲ್ಲಿನಲ್ಲಿ ನೆಂದ ಆ ಉರುಳೆಯನ್ನು ನೋಡಿ ಹಿಂದಿ ಮೇಡಂ, "ಏನ್ರೀ ಇದು, ಬದನೆಕಾಯಿ ಸುಟ್ಟಿದ್ದಾ?" ಎಂದು ಕೇಳಿದರಂತೆ. ಅಂದು ಸಂಜೆ ಮಾವನ ಮನೆಯಿಂದ ಕೇಳಿಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಫಿಲ್ಟರ್ ಆರಿಸುವಾಗ ಮಾವ ರಟ್ಟಿನ ಪೆಟ್ಟಿಗೆಯ ಅಕ್ಷರ ನೋಡುತ್ತಾರೆ, ನೆರಿಗೆ ಒಂದೇ ಸಮ ಇದೆಯೇ ಎಂದು ಬೆಳಕಿಗೆ ಹಿಡಿಯುತ್ತಾರೆ, ರಬ್ಬರ್ ರಿಂಗನ್ನು ಹಿಸುಕುತ್ತಾರೆ, ಕೊನೆಗೆ ಮೂಸುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಬಾಷಾ ಭಾಯಿಗೆ ಸಾಕಾಗಿಹೋಗಿತ್ತು.

"ಅಸಲಿ ಮಾಲು ಸಾಬ್, ಸೀಲ್ ಒಡ್ದಿಲ್ಲ. ನಿಮ್ಮ ಗಾಡೀಲಿ ಪಕ್ಕಾ ಕೂತ್ಕೊಳ್ಳುತ್ತೆ. ಇನ್ನೇನು ನೋಡ್ತೀರಾ?"

"ಕೂತ್ಕೊಂಡ್ರೆ ಸಾಲ್ದು ಭಾಯ್, ಹೊಂದ್ಕೋಬೇಕು."

"ಮಗಳಿಗೆ ಗಂಡು ಹುಡುಕ್ದಾಗ್ಲೂ ನಾನು ಇಷ್ಟು ನೋಡ್ಲಿಲ್ಲ ಸಾಬ್."

ಬಾಷಾ ಭಾಯಿ ತಮಾಷೆಗೆ ಅಂದದ್ದು. ಮಾವ ತಮಾಷೆಯನ್ನು ತಮಾಷೆಯೆಂದು ತಿಳಿಯುವವರೇ? ಹೊಸ ಫಿಲ್ಟರಿನ ಜೊತೆ ಆ ಮಾತನ್ನೂ ಕಟ್ಟಿಸಿಕೊಂಡು ಭದ್ರಾವತಿಗೆ ಬಂದರು. ಮನೆಯಲ್ಲಿ ಆಗ ನನಗೆ ಗಂಡು ಹುಡುಕುತ್ತಿದ್ದರು. ಮಾವ ಅಮ್ಮನ ಮುಂದೆ ಕುಳಿತು ಷರತ್ತು ಹಾಕಿದರು.

"ನೋಡಕ್ಕ, ಹಿರಿಯರು ಕಾರಲ್ಲಾದ್ರೂ ಬರ್ಲಿ, ಬಸ್ಸಲ್ಲಾದ್ರೂ ಬರ್ಲಿ. ಹುಡುಗ ಮಾತ್ರ ಅವನ ಬೈಕಲ್ಲೇ ಬರ್ಬೇಕು. ಕಣ್ಣಿಗೆ ಕಾಣದ ಜಾಗನ ಯಾವನು ಚೊಕ್ಕವಾಗಿ ಇಟ್ಕೊಂಡಿರ್ತಾನೋ ಅವನು ಹೆಂಡ್ತೀನ ಚೆನ್ನಾಗಿ ಇಟ್ಕೋತಾನೆ."

ಮದುವೆ ದಲ್ಲಾಳಿ ತಲೆ ಕೆರೆದುಕೊಂಡ. "ವರದಕ್ಷಿಣೆಗೆ ಬೈಕ್ ಕೊಡಿ ಅನ್ನೋ ಗಂಡಿನ ಕಡೆಯವರನ್ನ ನೋಡಿದೀನಿ. ಬೈಕ್ ತೋರ್ಸಿ ಅನ್ನೋ ಹೆಣ್ಣಿನ ಕಡೆಯವರನ್ನ ನೋಡ್ತಿರೋದು ಇದೇ ಮೊದ್ಲು ಮಾರಾಯ್ರೆ" ಎಂದ.

ಪರೀಕ್ಷೆಯ ಕ್ರಮ ಹೀಗಿತ್ತು. ಹುಡುಗ ಬಂದು ಕುಳಿತ ಕೂಡಲೇ ಮಾವ, "ಗಾಡಿ ಬಿಸಿಲಲ್ಲಿದೆ, ಕೀ ಕೊಡಿ, ನೆರಳಿಗೆ ಹಾಕ್ತೀನಿ" ಎಂದು ನಯವಾಗಿ ಕೀ ಇಸಿದುಕೊಳ್ಳುತ್ತಿದ್ದರು. ಗಾಡಿ ಹಿತ್ತಿಲಿನ ನುಗ್ಗೆಮರದ ಕೆಳಗೆ ಹೋಗುತ್ತಿತ್ತು. ಆದರೆ ಬಿಸಿ ಎಂಜಿನ್ನನ್ನು ಬಿಚ್ಚುವ ಹಾಗಿಲ್ಲವಲ್ಲ, ಕೈ ಸುಡುತ್ತದೆ. ಅದು ತಣ್ಣಗಾಗುವವರೆಗೆ ಬಂದವರನ್ನು ಏಳಲು ಬಿಡಬಾರದು. ಹೀಗಾಗಿ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟಿನ ಮೇಲೆ ಉಪ್ಪಿಟ್ಟು, ಕೇಸರಿಬಾತಿನ ಮೇಲೆ ಕೇಸರಿಬಾತು. ಮಾವ ಒಳಗೆ ಬಂದು ಕೆಮ್ಮಿದರೆ ಮಾತ್ರ ಅಮ್ಮ ಸೌಟು ಕೆಳಗಿಡುತ್ತಿದ್ದಳು. ಎಂಥ ಉಪಚಾರ ಎಂದು ಊರೆಲ್ಲ ನಮ್ಮನ್ನು ಹೊಗಳಿತು.

ಮೊದಲು ಬಂದವನ ಬೈಕು ಮದುಮಗನಂತೆ ಹೊಳೆಯುತ್ತಿತ್ತು. ಮಾವ ಹಿತ್ತಿಲಿನಿಂದ ಬಂದು ಅಮ್ಮನ ಕಿವಿಯಲ್ಲಿ, "ಮೇಲೆ ಥಳಕು, ಒಳಗೆ ಹುಳುಕು. ಫಿಲ್ಟರ್ ಮುಟ್ಟಿದ್ರೆ ಟಾರು ಮುಟ್ಟಿದ ಹಾಗಾಗುತ್ತೆ" ಎಂದರು. ಸಂಬಂಧ ಅಲ್ಲಿಗೆ ಮುಗಿಯಿತು. ನನಗೂ ಬೇಸರವಾಗಲಿಲ್ಲ. ಆತ ನನ್ನೊಡನೆ ಆಡಿದ್ದು ಒಂದೇ ಮಾತು, ಅದೂ ಅವನ ಮೊಬೈಲಿನ ಬೆಲೆ.

ಎರಡನೆಯವನ ಗಾಡಿಯಲ್ಲಿ ಎಲ್ಲವೂ ಹೊಚ್ಚ ಹೊಸದು. ಮಾವ ಖುಷಿಯಾಗಿ, "ಕೊನೇಲಿ ಯಾವಾಗ ಬದ್ಲಾಯಿಸಿದ್ರಿ?" ಎಂದು ಕೇಳಿದರು.

"ಅದನ್ನ ನಮ್ಮ ಭಾವನ್ನ ಕೇಳ್ಬೇಕು. ಗಾಡಿ ಅವರದ್ದು."

"ಹಾಗಾದ್ರೆ ಹೆಣ್ಣು ನೋಡೋಕೂ ಅವರನ್ನೇ ಕಳಿಸ್ಬೇಕಿತ್ತು" ಎಂದರು ಮಾವ. ಆ ಸಂಬಂಧವೂ ಮುಗಿಯಿತು, ದಲ್ಲಾಳಿಯೂ ಕೈಬಿಟ್ಟ.

ಮೂರನೆಯವನು ಶಿವಮೊಗ್ಗದಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವನು. ದೂರದ ಸಂಬಂಧಿಕರ ಮೂಲಕ ಬಂದ. ಬೈಕಿನ ಮೇಲೆ ಧೂಳು, ಅಂಗಿಯ ಮೇಲೂ ಧೂಳು. ಹಿರಿಯರು ಮಳೆ ಬೆಳೆ ಮಾತಾಡುತ್ತಿದ್ದರು. ನಾನು ಉಪ್ಪಿಟ್ಟಿನ ಪಾತ್ರೆ ಹಿಡಿದು ಮತ್ತೆ ಅವನ ಮುಂದೆ ಬಗ್ಗಿದಾಗ, ಅವನು ತಲೆಯೆತ್ತದೆ ಮೆಲ್ಲಗೆ ಕೇಳಿದ.

"ಎಂಜಿನ್ ಇನ್ನೂ ತಣ್ಣಗಾಗ್ಲಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಪಾತ್ರೆ ಅಲ್ಲಾಡಿ ಸೌಟು ಅವನ ತೊಡೆಯ ಮೇಲೆ ಬಿತ್ತು. ಅಮ್ಮ ಕಣ್ಣು ಬಿಟ್ಟಳು. ಹಿತ್ತಿಲ ಕಡೆಯ ಕಿಟಕಿಯಾಚೆ ಬಗ್ಗಿದ್ದ ಮಾವನ ತಲೆಯೂ ಒಮ್ಮೆ ಮೇಲೆದ್ದು ಮತ್ತೆ ಕೆಳಗೆ ಹೋಯಿತು.

"ನಿಮ್ಗೆ ಗೊತ್ತಾ?" ಎಂದೆ, ಸೌಟು ತೆಗೆದುಕೊಳ್ಳುತ್ತ.

"ನಿಮ್ಮ ಮಾವನ ವಿಷಯ ಶಿವಮೊಗ್ಗದಲ್ಲಿ ಯಾರಿಗೆ ಗೊತ್ತಿಲ್ಲ? ಗ್ಯಾರೇಜಿಗೆ ಬಿಟ್ಟು ತರೋಣ ಅಂದ್ಕೊಂಡೆ. ಆಮೇಲೆ ಪರೀಕ್ಷೆಗೆ ಚೀಟಿ ಇಟ್ಕೊಂಡು ಹೋದ ಹಾಗಾಗುತ್ತೆ ಅಂತ ಬಿಟ್ಟೆ. ಪರವಾಗಿಲ್ಲ ಬಿಡಿ, ಫಿಲ್ಟರ್ ನಾನೇ ನನ್ನ ಕೈಯಾರೆ ಹಾಕಿರೋದು."

ಎಂಥ ಆತ್ಮವಿಶ್ವಾಸ! ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ನಿಂತೆ. ಈ ಮನುಷ್ಯ ನನಗೆ ಬೇಕು ಎಂದು ಆ ಕ್ಷಣವೇ ಗೊತ್ತಾಗಿಹೋಗಿತ್ತು. ಅಲ್ಲಿಯವರೆಗೆ ಮಾವನ ಪರೀಕ್ಷೆ ನನಗೆ ನಗೆಯ ವಿಷಯವಾಗಿತ್ತು. ಅಂದು ಮೊದಲ ಬಾರಿಗೆ ಭಯವಾಯಿತು. ಮಾವ ಬೇಡವೆಂದರೆ ಅಮ್ಮ ಬೇಡವೆನ್ನುತ್ತಾಳೆ. ಮನೆದೇವರನ್ನು ನೆನೆದು, ಬೇರೇನೂ ಕೇಳುವುದಿಲ್ಲ, ಆ ಹಾಳು ಫಿಲ್ಟರ್ ಒಂದು ಚೊಕ್ಕವಾಗಿರಲಿ ಎಂದು ಬೇಡಿಕೊಂಡೆ.

ಮಾವ ಎಂದಿಗಿಂತ ತಡಮಾಡಿದರು. ಕೇಸರಿಬಾತಿನ ತಳ ಕಾಣಿಸಿತು. ಕೊನೆಗೆ ಸೋಪಿನ ಪುಡಿಗೆ ಸಕ್ಕರೆ ಬೆರೆಸಿ ಕೈ ಉಜ್ಜಿ ತೊಳೆದುಕೊಂಡು ಒಳಗೆ ಬಂದು ಕೆಮ್ಮಿದರು. ಅಮ್ಮ ಅವರ ಮುಖ ನೋಡಿದಳು.

"ಒಳಗೆ ಚೊಕ್ಕವಾಗಿದೆ ಅಕ್ಕ" ಎಂದರು ಮಾವ. "ಕೊಡಬಹುದು."

ಮದುವೆಯಾಯಿತು, ನಾನು ಶಿವಮೊಗ್ಗಕ್ಕೆ ಬಂದೆ. ಆ ಒಂದು ಮಾತು ನನ್ನ ಗಂಡನ ತಲೆಗೇರಿ ಕುಳಿತಿತು. ಹಾಲು ಉಕ್ಕಿಸಿದರೂ, ಟವೆಲ್ ಹಾಸಿಗೆಯ ಮೇಲೆ ಬಿಸಾಕಿದರೂ, ನಾನು ಬಾಯಿ ತೆರೆಯುವ ಮೊದಲೇ "ಒಳಗೆ ಚೊಕ್ಕ ಅಂತ ನಿಮ್ಮ ಮಾವನೇ ಹೇಳಿದಾರೆ" ಎನ್ನುತ್ತಾನೆ. ಅದಕ್ಕೆ ಮೇಲ್ಮನವಿ ಎಲ್ಲಿದೆ?

ಇಷ್ಟರಲ್ಲಿ ಮಾವನ ಹೊಸ ಪದ್ಧತಿ ಶುರುವಾಯಿತು. ಕೆಲವು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಭದ್ರಾವತಿಯಿಂದ ಬರುತ್ತಾರೆ. ಬಾಗಿಲು ತಟ್ಟುವ ಮೊದಲು ನಮ್ಮ ಬೈಕನ್ನು ಮುಟ್ಟಿ ನೋಡುತ್ತಾರೆ. ಕೈಯಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಹೊಸ ಫಿಲ್ಟರ್. ಅಂಗಳದಲ್ಲಿ ಗೋಣಿಚೀಲ ಹಾಸಿ ಕುಳಿತು ತಾವೇ ಬದಲಾಯಿಸಿ, ಕಾಫಿ ಕುಡಿದು ಹೊರಡುತ್ತಾರೆ. ಎದುರುಮನೆಯವರು, "ನಿಮ್ಮ ಮೆಕ್ಯಾನಿಕ್ ಬಹಳ ಚೆನ್ನಾಗಿ ಕೆಲ್ಸ ಮಾಡ್ತಾರೆ, ನಮ್ಮನೇಗೂ ಕಳ್ಸಿ" ಎಂದು ಕೇಳಿದ್ದುಂಟು. ನನ್ನ ಗಂಡನಿಗೆ ಅವಮಾನ. "ನನ್ನ ಗಾಡಿ ನಾನು ನೋಡ್ಕೊಳ್ಳಲಾರೆನಾ? ಅವರೇ ಪಾಸ್ ಮಾಡಿದ ಗಾಡಿ ಅಲ್ವಾ?" ಎಂದು ನನ್ನ ಮುಂದೆ ಸಿಡುಕುತ್ತಾನೆ. ನನಗೂ ಹಾಗೇ ಅನ್ನಿಸುತ್ತಿತ್ತು. ವಯಸ್ಸಾದಂತೆ ಹುಚ್ಚು ಬಲಿಯುತ್ತಿದೆ ಎಂದು ಸುಮ್ಮನಿದ್ದೆ.

ಹೋದ ವರ್ಷದಿಂದ ಮಾವನಿಗೆ ಮಂಡಿ ನೋವು. ಬೈಕ್ ಬಿಟ್ಟು ಬಸ್ಸಿನಲ್ಲಿ ಬರಲು ಶುರುಮಾಡಿದರು. ಮೊನ್ನೆ ಬರುತ್ತಾರೆಂದು ಅತ್ತೆಯಿಂದ ಸುಳಿವು ಸಿಕ್ಕಿತು. ನನ್ನ ಗಂಡ ಹಿಂದಿನ ದಿನವೇ ಬಾಷಾ ಭಾಯಿಯ ಅಂಗಡಿಗೆ ಹೋಗಿ ಫಿಲ್ಟರ್ ತಂದು ತಾನೇ ಹಾಕಿದ. "ಪಾಪ, ಮಂಡಿ ಊರಿ ಕೂರೋದು ಬೇಡ ಅವರು" ಎಂದ. ಮಾತಿನಲ್ಲಿ ಮರುಕಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಮಾವ ಬಂದರು. "ಬದ್ಲಾಯಿಸಿ ಆಗಿದೆ ಮಾವ, ನೀವು ಕಾಫಿ ಕುಡೀರಿ" ಎಂದ ಇವನು.

"ಹೌದಾ ಅಳಿಯಂದ್ರೆ? ಸಂತೋಷ" ಎಂದು ಹೇಳುತ್ತಲೇ ಮಾವ ಗೋಣಿಚೀಲ ಹಾಸಿದರು. ಮೂರು ಬೋಲ್ಟ್ ಬಿಚ್ಚಿದರು. ಒಳಗೆ ಇಣುಕಿದವರೇ ಗಟ್ಟಿಯಾಗಿ ನಕ್ಕುಬಿಟ್ಟರು.

"ಅಳಿಯಂದ್ರೆ, ಇದೂ ಅವತ್ತಿನ ಹಾಗೇ ಉಲ್ಟಾ ಹಾಕಿದೀರಲ್ಲ."

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಯಾವತ್ತಿನ ಹಾಗೆ ಮಾವ?"

ಮಾವನ ನಗು ನಿಂತಿತು. ಇದ್ದದ್ದು ಮೂರೇ ಬೋಲ್ಟು, ಅವನ್ನೇ ಎಣಿಸತೊಡಗಿದರು. ನನ್ನ ಗಂಡನ ಮುಖ ಕೆಂಪಾಯಿತು. ನನಗೆ ನುಗ್ಗೆಮರ ನೆನಪಾಯಿತು, ಆ ತಡವೂ ನೆನಪಾಯಿತು.

"ಒಳಗೆ ಚೊಕ್ಕವಾಗಿದೆ ಅಂದ್ರಲ್ಲ ನೀವು?"

"ನಾನು ಹೇಳೋ ಹೊತ್ತಿಗೆ ಚೊಕ್ಕವಾಗೇ ಇತ್ತು ಮಾರಾಯ್ತಿ. ನನ್ನ ಗಾಡಿಗೆ ಅಂತ ತಂದಿಟ್ಟಿದ್ದ ಫಿಲ್ಟರ್ ಅದಕ್ಕೆ ಹಾಕ್ದೆ. ಆಯಿಲ್ಲೂ ನಂದೇ ಸುರ್ದೆ. ಇವರು ಹಾಕಿದ್ದಂತೂ..." ಎಂದು ಅಳಿಯನ ಮುಖ ನೋಡಿ ಮಾತು ನುಂಗಿದರು.

"ಮತ್ತೆ ಯಾಕೆ ಪಾಸ್ ಮಾಡಿದ್ರಿ?"

ಮಾವ ಬೋಲ್ಟುಗಳನ್ನು ಅಂಗೈಯಲ್ಲಿ ಉರುಳಿಸುತ್ತ ಹೇಳಿದರು. "ಅವತ್ತು ನೀನು ಸೌಟು ಬೀಳಿಸ್ಕೊಂಡು ನಗ್ತಿದ್ದೆ, ಕಿಟಕೀಲಿ ಕಾಣ್ತು. ನಿಮ್ಮಪ್ಪ ಹೋದ ಮೇಲೆ ನೀನು ಹಾಗೆ ನಕ್ಕಿದ್ದು ನಾನು ನೋಡಿರ್ಲಿಲ್ಲ. ಫಿಲ್ಟರ್ ಆದ್ರೆ ಶಿವಮೊಗ್ಗದಲ್ಲಿ ಸಿಗುತ್ತೆ ಕಣೆ."

"ಅದಕ್ಕೆ ಇಷ್ಟು ವರ್ಷ ಹೀಗೆ ಬರೋದಾ?"

"ಅಕ್ಕನಿಗೆ ಚೊಕ್ಕವಾಗಿದೆ ಅಂತ ಮಾತು ಕೊಟ್ಬಿಟ್ಟಿದ್ನಲ್ಲ. ಕೊಟ್ಟ ಮೇಲೆ ಚೊಕ್ಕವಾಗೇ ಇರ್ಬೇಕು ತಾನೆ?"

ಇಷ್ಟೇ ಹೇಳಿ ಮತ್ತೆ ಬಗ್ಗಿದರು. ನೋಯುವ ಮಂಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫಿಲ್ಟರನ್ನು ತೆಗೆದು ತಿರುಗಿಸಿದರು. ಹುಚ್ಚು ಎಂದುಕೊಂಡಿದ್ದೆನಲ್ಲ! ಕಾಫಿ ಲೋಟವನ್ನು ಅವರ ಪಕ್ಕ ಇಟ್ಟೆ. ನನ್ನ ಗಂಡ ಹೋಗಿ ಅವರ ಪಕ್ಕ ಗೋಣಿಚೀಲದ ಮೇಲೆ ಕುಳಿತ. "ಯಾವ ಕಡೆ ಒಳಕ್ಕೆ, ಇನ್ನೊಂದ್ಸಲ ತೋರ್ಸಿ ಮಾವ" ಎಂದ.

ಒಳಗೆ ಫೋನ್ ರಿಂಗಾಯಿತು, ಅಮ್ಮನದು. ಮಾವ ಬಂದಾಗಲೆಲ್ಲ ಅವಳು ಫೋನ್ ಮಾಡುತ್ತಾಳೆ.

"ಬಂದನೇನೇ ನಿಮ್ಮ ಮಾವ? ಬಿಚ್ಚಿ ನೋಡಿದ್ನಾ? ಹೇಗಿದೆಯಂತೆ ಗಾಡಿ?"

ಅಂಗಳದಲ್ಲಿ ಎರಡು ತಲೆಗಳು ಒಂದೇ ಎಂಜಿನ್ನಿನ ಮೇಲೆ ಬಗ್ಗಿದ್ದವು. ಮಾವ ಎಣ್ಣೆಗೈ ಎತ್ತಿ, ಹೇಳಬೇಡ ಎಂಬಂತೆ ನನ್ನತ್ತ ಕಣ್ಣು ಮಿಟುಕಿಸಿದರು.

"ಒಳಗೆ ಚೊಕ್ಕವಾಗಿದೆ ಅಮ್ಮ" ಎಂದೆ.