ಶೆಟ್ಟರು ನೋಡಿಕೊಳ್ಳುತ್ತಾರೆ

ನನ್ನಲ್ಲೊಂದು ಕೆಟ್ಟ ಚಾಳಿಯಿದೆ. ಯಾರಾದರೂ ಏನಾದರೂ ಕೇಳಿದರೆ 'ಗೊತ್ತಿಲ್ಲ' ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದದ್ದಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ನೆರೂಳದಲ್ಲಿ ನಮ್ಮ ಸೆಕ್ಟರಿನ ಹತ್ತಿರ ಒಬ್ಬರು ವಿಳಾಸ ಕೇಳಿದರು. ನಾನು ಕೈ ಬೀಸಿ ದಾರಿ ತೋರಿಸಿದೆ. ಅರ್ಧ ಗಂಟೆಯ ಮೇಲೆ ಅವರು ಬೆವರೊರೆಸಿಕೊಳ್ಳುತ್ತ ಮತ್ತೆ ನನ್ನೆದುರೇ ಬಂದು, ನನ್ನ ಗುರುತು ಸಿಗದೆ, ಅದೇ ವಿಳಾಸ ಕೇಳಿದರು. ಆಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. ನಾನು ಬೇರೊಂದು ದಾರಿ ತೋರಿಸಿದೆ. "ನಿಮ್ಮ ಬಾಯಿಗೊಂದು ಚಿಲಕ ಇರ್ಬೇಕಿತ್ತು ಮಾರಾಯ್ರೆ" ಎಂದು ನನ್ನ ಹೆಂಡತಿ ವಿನಯಾ ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದಾಳೆ.

ಇಂಥ ಮನುಷ್ಯನಿಗೆ ದೇವರು ಎಂಥ ಪ್ರಶ್ನೆಯನ್ನು ಗಂಟು ಹಾಕಿದ ನೋಡಿ. ನಾನು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದು ಮೊಬೈಲ್ ಫೋನ್ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂರುವವನು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ನೆನಪಾಗಲಿಕ್ಕಿಲ್ಲ, ಅದೇ ಅದರ ಕಷ್ಟ. ಒಂದು ಕಾಲದಲ್ಲಿ ನಮ್ಮಲ್ಲಿ ಟೋಕನ್ ಹಿಡಿದ ಜನ ಮೆಟ್ಟಿಲಿನ ತನಕ ನಿಲ್ಲುತ್ತಿದ್ದರು. ಆಮೇಲೆ ಹೊಸ ಹೊಸ ಫೋನುಗಳು ಬಂದವು, ನಮ್ಮದರ ಮಾರಾಟ ಇಳಿಯಿತು, ಬಿಡಿಭಾಗಗಳು ಬರುವುದೂ ನಿಂತಿತು. ಈಗ ಕಂಪನಿಯೇ ಮಾರಾಟಕ್ಕಿದೆ. ಯಾರಾದರೂ ಕೊಂಡರೆ ನಮ್ಮ ಸೆಂಟರ್ ಉಳಿಯುತ್ತದೆ. ಕೊಳ್ಳದಿದ್ದರೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಬಯೋಡಾಟಾ ಬರೆಯಲು ಕೂರಬೇಕು. ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಹಿಂದೆ ಉತ್ಸಾಹದಲ್ಲಿ ನೆರೂಳದ ನಮ್ಮ ಕಟ್ಟಡದ ಅರ್ಧ ಮನೆಗಳಿಗೂ, ಡೊಂಬಿವ್ಲಿಯ ಭಾವನ ಮನೆಯ ಎಲ್ಲರಿಗೂ, ಕಲ್ಯಾಣದ ಷಡ್ಡಕನಿಗೂ ಇದೇ ಫೋನು ಕೊಡಿಸಿದ್ದೇನೆ. ಅವರೆಲ್ಲ ಈಗ ಫೋನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾರೆ: "ಯಾರು ತಗೊಳ್ತಾರಂತೆ?"

ಗೊತ್ತಿಲ್ಲ ಎನ್ನಬೇಕಿತ್ತು. ನಾನು ಒಂದು ವಾರ ವಾಷಿಂಗ್ ಮಷೀನಿನ ಕಂಪನಿ ಎಂದೆ, ಇನ್ನೊಂದು ವಾರ ಟೀವಿ ಚಾನೆಲಿನವರು ಎಂದೆ. ಟ್ರಾಕ್ಟರ್ ಮಾಡುವವರು ಆಸಕ್ತಿ ತೋರಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಬಂದ ದಿನ ಬೆಳಗಿನ ಲೋಕಲಿನಲ್ಲಿ ನನ್ನ ಸುತ್ತ ಭಜನಾ ಮಂಡಳಿಯಷ್ಟು ಜನ. "ಅಂದರೆ ಇನ್ನು ಫೋನು ಕೆಳಗೆ ಬಿದ್ದರೂ ಒಡೆಯುವುದಿಲ್ಲ" ಎಂದು ನಾನು ಭರವಸೆ ಕೊಟ್ಟೆ. ಸೆಂಟರನ್ನು ನೋಡಿಕೊಂಡು ಹೋಗಲು ಕೋಟು ತೊಟ್ಟ ಜನ ಆಗಾಗ ಬರುತ್ತಿದ್ದರು. ಹೆಣ್ಣು ನೋಡಲು ಬಂದ ಹಾಗೇ ಎಲ್ಲ. ಮ್ಯಾನೇಜರು ಹಿಂದಿನ ದಿನವೇ ನೆಲ ಒರೆಸಿಸಿ, ಕುಂಡದ ಗಿಡಕ್ಕೆ ನೀರು ಹಾಕಿಸಿ, ಬಂದ ಹೊತ್ತಿಗೆ ಕೆಳಗಿನ ಹೋಟೆಲಿನಿಂದ ಶಿರಾ ತರಿಸುತ್ತಿದ್ದರು. ಬಂದವರು ಶಿರಾ ತಿಂದು, ಮುಗುಳ್ನಕ್ಕು, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುವ ಧಾಟಿಯಲ್ಲೇ ತಲೆಯಾಡಿಸಿ ಹೋಗುತ್ತಿದ್ದರು. ತಿಳಿಸಿದವರು ಒಬ್ಬರೂ ಇಲ್ಲ.

ಎಲ್ಲರ ಕಾಟ ತಡೆದುಕೊಂಡೆ, ಶರಣಪ್ಪನದನ್ನು ಮಾತ್ರ ತಡೆಯಲಾಗಲಿಲ್ಲ. ಅವನು ಕಲಬುರಗಿ ಕಡೆಯವನು, ಪಕ್ಕದ ಗೋಡೌನಿನಲ್ಲಿ ಲಾರಿಗೆ ಮಾಲು ತುಂಬುವವನು. ನನ್ನ ಮಾತು ನಂಬಿ, ನನ್ನ ಜೇಬಿನಲ್ಲಿದ್ದ ಮಾದರಿಯ ಫೋನನ್ನೇ ಕೊಂಡಿದ್ದ. ಚೀಲವೊಂದು ಜಾರಿ ಬಿದ್ದು ಅದರ ಡಿಸ್‌ಪ್ಲೇ ಒಡೆದಿತ್ತು. ಹೊಸ ಡಿಸ್‌ಪ್ಲೇ ಕಂಪನಿಯಿಂದ ಬರಬೇಕು, ಬರುತ್ತಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ತಪ್ಪದೆ ಬಂದು, ಹೆಗಲ ಟವೆಲ್ಲಿನಿಂದ ಬಾಗಿಲಲ್ಲೇ ಕಾಲು ಒರೆಸಿಕೊಂಡು ಒಳಗೆ ಬರುತ್ತಿದ್ದ.

"ಭಟ್ಟ್ರ, ಬಂತೇನ್ರಿ?"

"ಇವತ್ತು ನಾಳೆ ಬರ್ತದೆ ಶರಣಪ್ಪ."

"ಮಾರಿ ನೋಡಿ ಇಪ್ಪತ್ತ ದಿನ ಆತ್ರಿ."

ತಲೆ ತುಂಬ ಮಾರಾಟದ ಸುದ್ದಿಯೇ ತುಂಬಿಕೊಂಡಿದ್ದ ನಾನು, "ಎಲ್ಲಿ ಮಾರಿದ್ದಾರೆ? ಕೊಳ್ಳುವವರೇ ಸಿಕ್ಕಿಲ್ಲ!" ಎಂದುಬಿಟ್ಟೆ. ಶರಣಪ್ಪ ನಕ್ಕ. "ಮಾರೂದಲ್ರಿ ಭಟ್ಟ್ರ. ಮಗಳ ಮಾರಿ! ಮುಖಾ, ಮುಖಾ!" ಮಗಳು ಊರಲ್ಲಿ ಅಜ್ಜಿಯ ಹತ್ತಿರ ಎರಡನೆಯ ಇಯತ್ತೆ ಓದುತ್ತಾಳಂತೆ. ದಿನವೂ ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಅಪ್ಪನಿಗೆ ಮುಖ ತೋರಿಸಿಯೇ ಊಟಕ್ಕೆ ಕೂರುವವಳು. ಈಗ ಇವನ ಹತ್ತಿರ ಇರುವುದು ಯಾರದೋ ಬಟನ್ನಿನ ಫೋನು, ಅದರಲ್ಲಿ ದನಿ ಮಾತ್ರ. ಮುಂದಿನ ಹಲ್ಲು ಬಿದ್ದಿದೆ ಎನ್ನುತ್ತಾಳಂತೆ, ನೋಡಲು ಆಗುತ್ತಿಲ್ಲ.

ಅದೇ ವಾರ ಆಫೀಸಿನಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಸುನಂದಾತಾಯಿ ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು. ಮ್ಯಾನೇಜರು ಫೋನಿನಲ್ಲಿ ಮಾತಾಡಿದ್ದನ್ನು ಅವರು ಸ್ವಂತ ಕಿವಿಯಿಂದ ಕೇಳಿದ್ದರು. "ಟೆನ್ಶನ್ ಘೇಊ ನಕಾ ಭಟ್‌ಸಾಹೇಬ್. ಶೇಟ್ ಬಘೂನ್ ಘೇಣಾರ್ ಆಹೇತ್!"

ನನ್ನ ಮರಾಠಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಉಡುಪಿ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ತರಕಾರಿಯವರ ಹತ್ತಿರ ನಾನು ಮರಾಠಿಯಲ್ಲಿ ಚೌಕಾಸಿ ಮಾಡಿದರೆ ಅವರು ಹಿಂದಿಯಲ್ಲಿ ಉತ್ತರಿಸುತ್ತಾರೆ ನಿಜ, ಆದರೆ ಅದು ಅವರ ಸೌಜನ್ಯ ಎಂದೇ ನಾನು ತಿಳಿದಿದ್ದೆ. ಸುನಂದಾತಾಯಿಯ ಮಾತನ್ನು ಕ್ಷಣದಲ್ಲಿ ಬಿಡಿಸಿಕೊಂಡೆ. ಮೊದಲನೆಯದು, ಚಿಂತೆ ಮಾಡಬೇಡಿ. ಬಘೂನ್ ಅಂದರೆ ನೋಡಿ. ಘೇಣಾರ್ ಅಂದರೆ ತೆಗೆದುಕೊಳ್ಳುತ್ತಾರೆ. ಶೇಟ್ ನೋಡಿ, ಆಮೇಲೆ ತೆಗೆದುಕೊಳ್ಳುತ್ತಾರೆ! ಶೇಟ್ ಯಾರೆಂದು ಹುಡುಕಬೇಕಾಗಿಯೇ ಇರಲಿಲ್ಲ. ನಮ್ಮ ಕೆಳಗಿನ ಮಹಡಿಯಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುವ ಶೆಟ್ಟರನ್ನು ಕಟ್ಟಡದಲ್ಲಿ ಎಲ್ಲರೂ ಶೇಟ್ ಎಂದೇ ಕರೆಯುವುದು. ಡೊಂಬಿವ್ಲಿಯಲ್ಲೊಂದು, ಕಲ್ಯಾಣದಲ್ಲೊಂದು ಹೋಟೆಲೂ ಅವರಿಗಿದೆ. ಅಲ್ಲದೆ, ಹಿಂದಿನ ದಿನವಷ್ಟೇ ಅವರು ನಮ್ಮ ಸೆಂಟರಿಗೆ ಬಂದು, ಯಾರೊಂದಿಗೂ ಮಾತಾಡದೆ, ಗೋಡೆ ನೆಲ ಎಲ್ಲ ನೋಡಿಕೊಂಡು ಇಳಿದು ಹೋಗಿದ್ದರು. ಇದಕ್ಕಿಂತ ಸಾಕ್ಷಿ ಬೇಕೆ?

ನಾನು ನೇರ ಕೆಳಗಿಳಿದೆ. ಶೆಟ್ಟರು ಗಲ್ಲಾದಲ್ಲಿದ್ದರು.

"ಏನು ಶೆಟ್ರೇ, ಮೇಲೆ ಬಂದು ನೋಡಿದ್ರಂತೆ?" ಎಂದು ಏನೂ ಗೊತ್ತಿಲ್ಲದವನ ಹಾಗೆ ಶುರುಮಾಡಿದೆ.

"ನೋಡಿದೆ ಭಟ್ರೇ. ಎಂಥ ಹೇಳುದು, ಪೂರಾ ಹಾಳಾಗಿ ಹೋಗಿದೆ. ಹೊರಗಿಂದ ಗೊತ್ತಾಗುದಿಲ್ಲ. ಒಳಗೊಳಗೇ ಸೋರ್ತಾ ಉಂಟು."

ನಾನು ದನಿ ತಗ್ಗಿಸಿದೆ. "ಮೇಲಿನವರು ಸರಿ ಇಲ್ಲ ಶೆಟ್ರೇ."

"ಮತ್ತೆಂಥ? ಎಲ್ಲ ಮೇಲಿನವರದ್ದೇ ತೊಂದರೆ!" ಶೆಟ್ಟರು ಮೇಜು ಗುದ್ದಿದರು. "ಹಳತು ಇದ್ದದ್ದೆಲ್ಲ ಕಿತ್ತು ಬಿಸಾಡಿ ಹೊಸತು ಹಾಕ್ಬೇಕು. ಅರ್ಧಂಬರ್ಧ ಮಾಡಿ ಪ್ರಯೋಜನ ಇಲ್ಲ."

ಹಳತೆಂದರೆ ನಾನೇ. "ಹಳತು ಅಂತ ಎಲ್ಲ ಕೀಳುದು ಬೇಡ ಶೆಟ್ರೇ. ಕೆಲವು ಹಳತು ಗಟ್ಟಿ ಇರ್ತದೆ. ಇನ್ನೂ ಆರೇಳು ವರ್ಷ ಬರ್ತದೆ."

ಅವರು ಯೋಚಿಸಿದರು. "ಹ್ಞಾಂ, ಗಟ್ಟಿ ಇದ್ದದ್ದು ಇರ್ಲಿ. ನೀವು ತಲೆಬಿಸಿ ಮಾಡ್ಬೇಡಿ ಭಟ್ರೇ, ನಾನು ನೋಡಿಕೊಳ್ತೇನೆ."

ನೋಡಿ ಕೊಳ್ತೇನೆ! ಅವರ ಬಾಯಿಂದಲೇ ಬಂತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವರು ಬೇಡವೆಂದರೂ ಕೇಳದೆ ಅವರ ಕೈ ಹಿಡಿದು ಕುಲುಕಿದೆ.

ಆ ಸಂಜೆ ಮನೆಯಲ್ಲಿ ಸಬ್ಬಕ್ಕಿ ಪಾಯಸವಾಯಿತು. ವಿನಯಾ ಸೌಟು ಹಿಡಿದುಕೊಂಡೇ ಅನುಮಾನ ಪಟ್ಟಳು. "ಇಡ್ಲಿ ಮಾಡುವವ್ರು ಫೋನ್ ಕಂಪನಿ ತಕೊಂಡು ಎಂಥ ಮಾಡ್ತಾರೆ?" "ಟ್ರಾಕ್ಟರಿನವರು ತಗೊಳ್ಳಬಹುದಾದರೆ ಇಡ್ಲಿಯವರು ಯಾಕೆ ಆಗಬಾರದು? ಗಿರಾಕಿಯ ಮನಸ್ಸು ಇಡ್ಲಿಯವರಿಗೆ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಾಗುವುದಿಲ್ಲ" ಎಂದೆ. ಮಗಳು ಮೇಘನಾ ಕಾಲೇಜಿನ ಪುಸ್ತಕದಿಂದ ತಲೆ ಎತ್ತಿ, "ಕುಛ್ ಭೀ, ಪಪ್ಪಾ" ಎಂದು ನನ್ನ ಮಾತನ್ನು ತಳ್ಳಿಹಾಕಿ ಮತ್ತೆ ತಲೆ ತಗ್ಗಿಸಿದಳು. ಅವಳಿಗೆ ನಾವು ಆಡುವ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ನಾನು ಲೆಕ್ಕಿಸಲಿಲ್ಲ. ಮರುದಿನ ಲೋಕಲಿನಲ್ಲಿ ಹೇಳಿದೆ, ಡೊಂಬಿವ್ಲಿಗೆ ಫೋನು ಮಾಡಿ ಹೇಳಿದೆ. ಮಧ್ಯಾಹ್ನ ಶರಣಪ್ಪ ಬಂದಾಗ ಅವನ ಬೆನ್ನು ತಟ್ಟಿ, "ನಿನ್ನ ಡಿಸ್‌ಪ್ಲೇ ಬಂತು ಅಂತಲೇ ತಿಳ್ಕೋ. ಕೆಳಗಿನ ಶೆಟ್ಟರೇ ಕಂಪನಿ ತಗೊಳ್ತಿದ್ದಾರೆ" ಎಂದೆ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು.

ನನ್ನ ಮಾತನ್ನು ಕೇಳಿದವರು ಸಾಮಾನ್ಯವಾಗಿ ಅದನ್ನು ಇನ್ನೊಬ್ಬರಿಗೆ ದಾಟಿಸಿ ಸುಮ್ಮನಾಗುತ್ತಾರೆ. ಶರಣಪ್ಪ ಪ್ರಾಮಾಣಿಕ. ಅವನು ನೇರ ಹೋಟೆಲಿಗೆ ಹೋಗಿ, ಊಟದ ಗಿರಾಕಿಗಳ ನಡುವೆ ಗಲ್ಲಾದೆದುರು ಕೈಮುಗಿದು ನಿಂತು, "ಶೆಟ್ರ, ನೀವರೆ ನನ್ನ ಫೋನಿನ ಕನ್ನಡಿ ಲಗೂನ ತರಸ್ರಿ" ಎಂದು ಕೇಳಿದನಂತೆ. ಐದು ನಿಮಿಷದಲ್ಲಿ ಶೆಟ್ಟರು ಅವನನ್ನು ಹಿಂದಿಟ್ಟುಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಭಟ್ರೇ, ನಾನು ನಿಮ್ಮ ಕಂಪನಿ ತಕೊಂಡದ್ದು ಯಾವಾಗ ಮಾರಾಯ್ರೆ? ನನಗೂ ಒಂದು ಮಾತು ಹೇಳುದಲ್ವಾ?"

"ನೀವೇ ಅಲ್ವಾ ಶೆಟ್ರೇ, ನೋಡಿ ಕೊಳ್ತೇನೆ ಅಂದದ್ದು..."

"ಅಯ್ಯೋ ದೇವ್ರೇ! ನಾನು ಹೇಳಿದ್ದು ನಲ್ಲಿಯ ವಿಷಯ! ನಿಮ್ಮ ಪೈಪಿನ ನೀರು ನನ್ನ ಅಡುಗೆಮನೆಯ ತಲೆ ಮೇಲೆ ಬೀಳ್ತಾ ಉಂಟು, ತಿಂಗಳಾಯ್ತು!"

ಮ್ಯಾನೇಜರು ಮಾತಾಡಿದ್ದೂ ಅದೇ ಸೋರಿಕೆಯ ಬಗ್ಗೆ. ಅವರು ಶೇಟ್ ಎಂದಿದ್ದು ಕಟ್ಟಡದ ಮಾಲೀಕರನ್ನು. ಬಘೂನ್ ಘೇಣಾರ್ ಎಂದರೆ ನೋಡಿಕೊಳ್ಳುತ್ತಾರೆ, ಸರಿ ಮಾಡಿಸುತ್ತಾರೆ, ಅಷ್ಟೇ. ಮರಾಠಿ ಹೋಗಲಿ, ನನ್ನದೇ ಕನ್ನಡದಲ್ಲಿ ಹುಟ್ಟಿದಂದಿನಿಂದ ಆಡುತ್ತ ಬಂದ 'ನೋಡಿಕೊಳ್ಳುವುದು' ಎಂಬ ಮಾತನ್ನೇ ನಾನು ನಡುವೆ ಸೀಳಿ, ಅರ್ಧವನ್ನು ನೋಡುವುದಕ್ಕೂ ಅರ್ಧವನ್ನು ಕೊಳ್ಳುವುದಕ್ಕೂ ಹಂಚಿಬಿಟ್ಟಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ಅದೇ ಹೊತ್ತಿಗೆ, ಮಾಲೀಕರು ಕಳಿಸಿದ್ದ ಪ್ಲಂಬರ್ ನಮ್ಮ ಊಟದ ಕೋಣೆಯ ಬೇಸಿನ್ನಿನ ಪೈಪು ಬಿಚ್ಚುತ್ತಿದ್ದ. ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಂಡಿದ್ದ ಕಪ್ಪು ಮುದ್ದೆಯೊಂದನ್ನು ತಂತಿಯಿಂದ ಎಳೆದು ನೆಲಕ್ಕೆ ಹಾಕಿದ. ಸುನಂದಾತಾಯಿ ಬಗ್ಗಿ ನೋಡಿ ಕೂಗಿದರು: "ಅಗ ಬಾಯಿ, ಹಾ ತರ್ ಕಢೀಪತ್ತಾ!"

ಕರಿಬೇವು. ವರ್ಷಗಟ್ಟಲೆಯ ಕರಿಬೇವು. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಎಂದು ದಿನವೂ ಡಬ್ಬಿ ತಂದು, ಎಲೆಗಳನ್ನು ಅಂಚಿಗೆ ಸರಿಸಿಟ್ಟು, ಊಟವಾದ ಮೇಲೆ ಅದೇ ಬೇಸಿನ್ನಿನಲ್ಲಿ ಡಬ್ಬಿ ತೊಳೆಯುವವನು ಇಡೀ ಸೆಂಟರಿನಲ್ಲಿ ಒಬ್ಬನೇ. ಎಲ್ಲರೂ ಆ ಒಬ್ಬನನ್ನು ನೋಡಿದರು. ಕಂಪನಿಯ ಸೋರಿಕೆಗೆ ಮೇಲಿನವರೇ ಕಾರಣವೆಂದು ಶೆಟ್ಟರೆದುರು ದನಿ ತಗ್ಗಿಸಿ ಹೇಳಿದ್ದ ನಾನೇ ಆ ಮೇಲಿನವನಾಗಿದ್ದೆ.

ಶೆಟ್ಟರು ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವರು ಗೋಡೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ತಡೆಯಲಾಗದೆ ಹೋದದ್ದು ಶರಣಪ್ಪನ ಮಾತು. "ಇರ್ಲಿ ಬಿಡ್ರಿ ಭಟ್ಟ್ರ. ನೀವರೆ ಏನ್ ಮಾಡ್ತೀರಿ? ಇನ್ನ ಯಾರರೆ ತಗೊಳ್ತಾರ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟ. ನನಗೆ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜಕ್ಕೂ ನಾಚಿಕೆಯಾಯಿತು.

"ಶರಣಪ್ಪ, ನಿಲ್ಲು" ಎಂದೆ. ನಾನು ಮೇಜಿನ ಹಿಂದೆ ಕೂರುವ ಮೊದಲು ಹನ್ನೆರಡು ವರ್ಷ ಸ್ಕ್ರೂಡ್ರೈವರ್ ಹಿಡಿದವನು. ಡ್ರಾಯರಿನಿಂದ ಹಳೆಯ ಸಲಕರಣೆಯನ್ನೂ ರಿಪೇರಿಗೆ ಕೊಟ್ಟಿದ್ದ ಅವನ ಫೋನನ್ನೂ ತೆಗೆದೆ. ಜೇಬಿನಿಂದ ನನ್ನ ಫೋನು ತೆಗೆದು ಬಿಚ್ಚಿದೆ. ಅವನದು, ನನ್ನದು ಒಂದೇ ಮಾದರಿ. ಬೆರಳಿಗೆ ಹಳೆಯ ಕೆಲಸ ನೆನಪಾಯಿತು. ಮುಕ್ಕಾಲು ಗಂಟೆಯಲ್ಲಿ ನನ್ನ ಡಿಸ್‌ಪ್ಲೇ ಅವನ ಫೋನಿನಲ್ಲಿ ಬೆಳಗಿತು. ಅವನು ಕರೆ ಮಾಡಿದ. ಪುಟ್ಟ ಮುಖವೊಂದು ತೆರೆಯ ತುಂಬ ತುಂಬಿಕೊಂಡು, ಬಾಯಿ ಅಗಲಿಸಿ ಹಲ್ಲು ಬಿದ್ದ ಜಾಗ ತೋರಿಸಿ, "ಅಪ್ಪಾ, ನೀ ಭಾಳ ಕರ್ರಗ ಆಗೀದಿ!" ಎಂದಿತು. ಶರಣಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ನಾನು ಬಿದ್ದ ಸ್ಕ್ರೂ ಹುಡುಕುವವನ ಹಾಗೆ ತಲೆ ಬಗ್ಗಿಸಿದೆ.

ಶೆಟ್ಟರು ಇಷ್ಟು ಹೊತ್ತೂ ಅಲ್ಲೇ ನಿಂತಿದ್ದರು. "ಭಟ್ರೇ, ಇಷ್ಟು ಒಳ್ಳೆ ಕೈಯನ್ನು ಕೂರಿಸಿ ದೂರು ಬರೆಸಿದ ಕಂಪನಿ ಮತ್ತೆ ಮುಳುಗದೆ ಇರ್ತದಾ?" ಎಂದರು. "ಹೋಟೆಲಿನ ಬದಿಯಲ್ಲಿ ಪಾನ್ ಅಂಗಡಿಯ ಜಾಗ ಖಾಲಿ ಬಿದ್ದಿದೆ. ಕಂಪನಿ ಯಾರು ತಕೊಳ್ತಾರೋ ಬಿಡ್ತಾರೋ. ಬೇಕಾದಾಗ ಬಂದು ಕೂತ್ಕೊಳ್ಳಿ. ನಮ್ಮ ಮೂರೂ ಹೋಟೆಲಿನ ಕೆಲಸದವರ ಫೋನು ನೀವೇ ನೋಡಿಕೊಳ್ಳಿ. ಒಂದೇ ಶರತ್ತು, ಡಬ್ಬಿ ಮನೆಯಲ್ಲೇ ತೊಳೀಬೇಕು."

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಮೇಘನಾ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊಳ್ಳುವುದಕ್ಕೆ ಮರಾಠಿಯಲ್ಲಿ 'ವಿಕತ್ ಘೇಣೆ' ಎನ್ನಬೇಕೆಂದು ನನ್ನಿಂದ ಮೂರು ಸಲ ಹೇಳಿಸಿದಳು. ವಿನಯಾ ನಗಲಿಲ್ಲ. ಒಡೆದ ಡಿಸ್‌ಪ್ಲೇ ಹಾಕಿಕೊಂಡು ಬಂದಿದ್ದ ನನ್ನ ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೊಂದು ಒಳ್ಳೆ ಕೆಲಸ ಮಾಡಿದ್ರಿ ನೋಡಿ" ಎಂದಳು. "ಇನ್ನಾದ್ರೂ ಯಾರಾದ್ರೂ ಕೇಳಿದ್ರೆ ಗೊತ್ತಿಲ್ಲ ಅನ್ನಿ. ಪ್ರಾಣ ಹೋಗುದಿಲ್ಲ." ನಾನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ.

ಮರುದಿನ ಲೋಕಲಿನಲ್ಲಿ ಜುಯಿನಗರ ದಾಟುವಷ್ಟರಲ್ಲಿ ಎಂದಿನವರು ಸುತ್ತುಗಟ್ಟಿದರು. "ಏನು ಭಟ್ರೇ, ಶೆಟ್ಟರದ್ದು ಸುಳ್ಳಂತೆ? ಹಾಗಾದರೆ ಯಾರು?" ನಾನು ಉಸಿರು ಬಿಗಿಹಿಡಿದು, ಜೀವಮಾನದಲ್ಲೇ ಮೊದಲ ಸಲ, "ಗೊತ್ತಿಲ್ಲ" ಎಂದೆ.

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಹಿರಿಯರೊಬ್ಬರು ನನ್ನ ಭುಜ ಮುಟ್ಟಿ, ಗೌರವದಿಂದ ಪಿಸುಗುಟ್ಟಿದರು: "ತಿಳೀತು ಬಿಡಿ. ಡೀಲ್ ಪಕ್ಕಾ ಆಗಿದೆ, ನೀವು ಹೇಳುವ ಹಾಗಿಲ್ಲ, ಅಷ್ಟೇ ಅಲ್ವಾ?" ಘಣಸೋಲಿ ಬರುವಾಗ ಸುದ್ದಿ ಪಕ್ಕದ ಬೋಗಿಗೆ ದಾಟಿತ್ತು. ಐರೋಲಿಯಲ್ಲಿ ಯಾರೋ ಗುರುತಿಲ್ಲದವರು ನನ್ನ ಕೈ ಕುಲುಕಿ ಅಭಿನಂದಿಸಿದರು. ಠಾಣೆಯಲ್ಲಿ ಇಳಿಯುವಾಗ, ಇಷ್ಟು ಜನ ಹೇಳುತ್ತಿರಬೇಕಾದರೆ ಏನೋ ಇರಲೇಬೇಕು ಎಂದು ನನಗೂ ಬಲವಾಗಿ ಅನ್ನಿಸತೊಡಗಿತ್ತು.