ಕಾಮೆಂಟಿಗೆ ಬಿದ್ದ ಕಣ್ಣು

ಬ್ಲಾಗ್ ಅನ್ನೋದು ನಮ್ಮ ಕಡೆ ಶುರುವಾದ ಕಾಲದಲ್ಲಿ ನಮ್ಮನೆಯಲ್ಲಿ ವಾರಕ್ಕೊಂದು ರಾಮಾಯಣ ಗ್ಯಾರಂಟಿ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಾನು ಬರೀತಿದ್ದೆ, ಶಿವಮೊಗ್ಗದ ಗೋಪಾಳದಲ್ಲಿ ನನ್ನ ಓರಗಿತ್ತಿ ಬರೀತಿದ್ದಳು. ಬರೆಯೋದಕ್ಕೆ ಜಗಳ ಇರಲಿಲ್ಲ. ಕೆಳಗೆ ಬೀಳೋ ಕಾಮೆಂಟು ಕಂಡರೆ ಹೊಟ್ಟೆ ಉರೀತಿತ್ತು. ಅವಳಿಗಲ್ಲ, ನನಗೆ!

ಆನೆ ಮತ್ತು ತಂಬುಳಿ

ಸಕ್ರೆಬೈಲಿಗೆ ಹೋಗಿ, ಆನೆ ಸ್ನಾನ ಮಾಡೋದನ್ನು ನಿಂತು ನೋಡಿ, ಸೀರೆಯೆಲ್ಲ ಕೆಸರು ಮಾಡಿಕೊಂಡು ಬಂದು ಉದ್ದದ ಲೇಖನ ಬರೆದೆ. ವಾರ ಕಾದರೂ ಒಂದು ಕಾಮೆಂಟಿಲ್ಲ. ಅಷ್ಟರಲ್ಲಿ ಓರಗಿತ್ತಿ, "ಇವತ್ತು ಒಂದೆಲಗದ ತಂಬುಳಿ ಮಾಡಿದೆ. ಉಪ್ಪು ಸ್ವಲ್ಪ ಜಾಸ್ತಿಯಾಯ್ತು" ಅಂತ ಎರಡೇ ಸಾಲು ಬರೆದಳು. ಮೂವತ್ತು ಕಾಮೆಂಟು! "ಬಾಯಲ್ಲಿ ನೀರೂರಿತು", "ಅಮ್ಮನ ನೆನಪಾಯ್ತು". ಒಬ್ಬ ಪುಣ್ಯಾತ್ಮ ಅಂತೂ, "ಉಪ್ಪು ಜಾಸ್ತಿಯಾದರೂ ಪ್ರೀತಿ ಹದವಾಗಿತ್ತು" ಅಂತ ಬರೆದಿದ್ದ. ಇವನೇನು ಉಂಡಿದ್ದನಾ? ಅವತ್ತು ಅವಳ ಮನೇಲಿ ಉಂಡಿದ್ದು ನಾನು. ರಾತ್ರಿಯವರೆಗೂ ಚೊಂಬುಗಟ್ಟಲೆ ನೀರು ಕುಡಿದಿದ್ದೆ.

ಯಜಮಾನರ ಅಭಿಪ್ರಾಯ

"ರೀ, ನನ್ನ ಆನೆ ಲೇಖನ ಓದಿದ್ರಾ?"

"ಓದ್ದೆ. ಚೆನ್ನಾಗಿದೆ."

"ಅದನ್ನೇ ಅಲ್ಲಿ ಕೆಳಗೆ ಬರೀರಿ."

"ಅಲ್ಲ ಮಾರಾಯ್ತಿ, ಒಂದೇ ಮನೇಲಿದೀವಿ, ಎದುರಿಗೇ ಹೇಳಿದ್ನಲ್ಲ?" ಅಂತ ಪೇಪರ್ ಬಿಡಿಸಿದರು. ನಾನು ಬಿಡ್ತೀನಾ? ಪೇಪರ್ ಕಿತ್ಕೊಂಡು ಕಂಪ್ಯೂಟರ್ ಮುಂದೆ ಕೂರಿಸಿದೆ. ಇವರು ಫ್ಯಾಕ್ಟರಿಯ ಸ್ಟೋರ್ಸಿಗೆ ಬಂದ ಮಾಲು ನೋಡಿ ಒಪ್ಪಿಗೆ ಕೊಡೋರು. ನನ್ನ ಬ್ಲಾಗಿಗೆ ಬಂದ ಮೊಟ್ಟಮೊದಲ ಕಾಮೆಂಟು ಹೀಗಿತ್ತು: "ಪರಿಶೀಲಿಸಲಾಗಿದೆ. ಸಮರ್ಪಕವಾಗಿದೆ."

ಘಾಟು

ಓರಗಿತ್ತಿಗೆ ತಲೆನೋವು ಅಂತ ಫೋನ್ ಬಂತು. ನಮ್ಮ ಜೊತೆಗಿದ್ದ ಅತ್ತೆ, "ಅಷ್ಟು ಜನ ಹೊಗಳಿದ್ರೆ ಕಣ್ಣು ಬೀಳದೆ ಇರುತ್ತಾ? ನಡಿ ಗೋಪಾಳಕ್ಕೆ" ಅಂತ ಆಗಲೇ ಹೊರಟರು. ಹೋದವರೇ ಅವಳನ್ನು ಕೂರಿಸಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿದರು. ಆಮೇಲೆ ಕಂಪ್ಯೂಟರಿಗೂ ಒಂದು ಸುತ್ತು! ಕೆಂಡಕ್ಕೆ ಹಾಕಿದರೆ ಒಂಚೂರೂ ಘಾಟಿಲ್ಲ. ಘಾಟು ಬರಲಿಲ್ಲ ಅಂದರೆ ದೃಷ್ಟಿ ತಾಗಿದೆ ಅಂತ ನಮ್ಮಲ್ಲಿ ಲೆಕ್ಕ.

"ನೋಡಿದ್ಯಾ, ಎಂಥಾ ದೃಷ್ಟಿ!" ಅಂದರು ಅತ್ತೆ. ಓರಗಿತ್ತಿಗೋ, ತಲೆನೋವಲ್ಲೂ ನಗು. ನನಗೆ ತಡೆಯೋಕಾಗಲಿಲ್ಲ.

"ಅತ್ತೆ, ನಂಗೂ ತೆಗೀರಿ."

ತೆಗೆದರು. ಕೆಂಡಕ್ಕೆ ಹಾಕಿದ್ದೇ ತಡ, ಮೂರೂ ಜನ ಕೆಮ್ಮುತ್ತಾ ಬೀದಿಗೆ ಓಡಿದೆವು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಿಂಗೇನೂ ಆಗಿಲ್ಲ ಕಣೇ. ನಿನ್ನನ್ನ ಯಾರೂ ನೋಡೇ ಇಲ್ಲ" ಅಂದರು.

ಕೊನೆಗೂ ಬಂದವು

ಆ ಉರಿಯಲ್ಲೇ ಭದ್ರಾವತಿಗೆ ಬಂದು ನಡೆದಿದ್ದನ್ನೆಲ್ಲ ಬರೆದು ಹಾಕಿದೆ. ಎರಡು ದಿನ ಬಿಟ್ಟು ನೋಡ್ತೀನಿ, ಐವತ್ತು ಕಾಮೆಂಟು! ನನ್ನ ಕಣ್ಣನ್ನ ನಾನೇ ನಂಬಲಿಲ್ಲ. ಓರಗಿತ್ತಿಗೆ ಫೋನ್ ಮಾಡಿ, "ಬಾರೇ, ಊಟಕ್ಕೆ" ಅಂತ ಕರೆಸಿದೆ. ಊಟ ಒಂದು ನೆಪ, ಅವಳ ಮುಖ ನೋಡಬೇಕಿತ್ತು ನನಗೆ. ಅವಳನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ.

"ಅಜ್ಜಿ ಸೂಪರ್." "ಅಜ್ಜಿಗೆ ನನ್ನ ನಮಸ್ಕಾರ ಹೇಳಿ." "ನನ್ನ ಮಗಳಿಗೂ ಅಜ್ಜಿ ಕೈಲಿ ದೃಷ್ಟಿ ತೆಗೆಸಬಹುದಾ?" "ಅಜ್ಜಿಯೇ ಯಾಕೆ ಬ್ಲಾಗ್ ಬರೀಬಾರದು?"

ನನ್ನ ಬರವಣಿಗೆ ಬಗ್ಗೆ ಒಂದಕ್ಷರ ಇಲ್ಲ! ಓದ್ತಾ ಓದ್ತಾ ನನ್ನ ದನಿ ಇಳೀತು, ಅತ್ತೆಯ ಕತ್ತು ಮೇಲೇರಿತು.

"ಆ ಕೊನೇದು ಇನ್ನೊಂದ್ಸಲ ಓದು" ಅಂದರು.

ಓರಗಿತ್ತಿ ಮುಖ ಊದಿಸಿಕೊಂಡು ನನ್ನ ಕಿವಿಯಲ್ಲಿ, "ಅಕ್ಕಾ, ನಂಗೆ ಕಾಮೆಂಟು ಮೂವತ್ತು ದಾಟಿದ್ದೇ ಇಲ್ಲ" ಅಂದಳು. ಮದುವೆಯಾಗಿ ಬಂದಮೇಲೆ ನಾವಿಬ್ಬರೂ ಒಂದೇ ಪಾರ್ಟಿಯಾಗಿದ್ದು ಅವತ್ತೇ.

ಸಂಜೆ ಹೊತ್ತಿಗೆ ಅತ್ತೆಗೆ ತಲೆನೋವು. "ಇಬ್ಬರೂ ಸೇರಿ ನಿವಾಳಿಸಿ" ಅಂತ ಹುಕುಂ ಆಯಿತು. ನಿವಾಳಿಸಿ ಕೆಂಡಕ್ಕೆ ಹಾಕಿದೆವು. ಮೆಣಸಿನಕಾಯಿ ಕರ್ರಗೆ ಸುಟ್ಟು ಬೂದಿಯಾದರೂ ಘಾಟು ಅನ್ನೋದು ಹೆಸರಿಗೂ ಇಲ್ಲ.

"ಐವತ್ತು ಜನರ ಕಣ್ಣಲ್ವಾ ಅತ್ತೆ" ಅಂದೆ ನಾನು.

ಅತ್ತೆ ನನ್ನನ್ನೊಮ್ಮೆ ನೋಡಿದರು, ಓರಗಿತ್ತಿಯನ್ನೊಮ್ಮೆ ನೋಡಿದರು.

"ಅಷ್ಟೆಲ್ಲ ಇಲ್ಲ ಕಣ್ರೇ" ಅಂದರು. "ನಾಲ್ಕೇ ಕಣ್ಣು."