ಹರಳಿನ ಮೇಲೆ ಕಾಕಾನ ಸೂಜಿ

ನಮ್ಮ ಕಾಕಾನ ಎದುರಿಗೆ ಸಾಕ್ಷಾತ್ ದೇವರೇ ಬಂದು ನಿಂತರೂ ಅವನು ಕೈ ಮುಗಿಯುವುದಿಲ್ಲ. ಮೊದಲು ಕಿರೀಟ ಇಳಿಸಿಕೊಂಡು, ತಿರುಗಿಸಿ, ಕೊಟ್ಟವರ ಹೆಸರು ಎಲ್ಲಿ ಹಾಕಿದ್ದಾರೆ ಎಂದು ನೋಡುತ್ತಾನೆ!

ಅಪ್ಪನ ತಮ್ಮನಾದ ಈ ಮಹಾನುಭಾವ ನಿಪ್ಪಾಣಿಯ ಭಾಂಡೆ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು, ಕರೆಂಟಿನ ಸೂಜಿಯಿಂದ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಾನೆ. ನಮ್ಮ ಕಡೆ ಲಗ್ನಕ್ಕೆ ಕೊಡಪಾನ ಕೊಡಲಿ, ಚಮಚ ಕೊಡಲಿ, ಕೊಟ್ಟವರ ಹೆಸರು ಅದರ ಮೇಲೆ ಇರಲೇಬೇಕು. ಇಲ್ಲದಿದ್ದರೆ ಕೊಟ್ಟು ಏನು ಉಪಯೋಗ? ಕಾಕಾನಿಗೆ ಇದು ಕಸುಬಲ್ಲ, ಧರ್ಮ. ಪಕ್ಕದ ಮನೆಯಾಕೆ ಒಮ್ಮೆ ಬಟ್ಟಲಲ್ಲಿ ಕಡಲೆಹಿಟ್ಟಿನ ಝುಣಕ ಕಳಿಸಿದಳು. ಬಟ್ಟಲ ಮೇಲೆ ಹೆಸರಿರಲಿಲ್ಲ. ಝುಣಕ ತಿಂದು, ಬಟ್ಟಲು ತೊಳೆದು, ತನ್ನ ಹೆಸರು ಕೊರೆದುಬಿಟ್ಟ!

"ಬಟ್ಟಲ ನಮ್ದರಿ, ಅಣ್ಣಾರ!"

"ಹಂಗಂತ ಎಲ್ಲಿ ಬರದೈತಿ? ತೋರ್ಸರಿ."

ಅಂದಿನಿಂದ ಆ ಮನೆಯ ಝುಣಕ ನಮಗೆ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿದೆ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲ ಪ್ರಾಣಿ ನಾನು. ಅವ್ವ ಬೀಡಿ ಕಟ್ಟಿದಳು, ನಾನು ಬೀಡಿ ಎಲೆ ಕತ್ತರಿಸುತ್ತಲೇ ಓದಿದೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹೆಮ್ಮೆಯಿದೆ. ಪಾಸಾದ ದಿನ ಕಾಕಾ ಒಂದು ಲೋಟ ಕೊಟ್ಟ. ಆಸೆಯಿಂದ ತಿರುಗಿಸಿ ನೋಡಿದೆ. ಅವನದೇ ಹೆಸರು, ಅಡ್ಡಹೆಸರಿನ ಸಮೇತ!

"ಪಾಸಾದಾಕಿ ನಾ. ನನ್ನ ಹೆಸರೆಲ್ಲಿ, ಕಾಕಾ?"

"ಲೋಟಾ ಕೊಟ್ಟಾಂವ ಯಾರು? ನೀ ಯಾರಿಗರ ಏನರ ಕೊಡು, ಆವಾಗ ನಿನ್ನ ಹೆಸರ ಹಾಕೂಣು."

ಮುಂದೆ ದೂರದ ಊರಿನ ಪ್ರಯೋಗಾಲಯ ಸೇರಿದೆ. ನೋಡಿದರೆ ಅಲ್ಲಿ ನನ್ನದೂ ಕೊರೆಯುವ ಕೆಲಸವೇ! ಲೆಕ್ಕಕ್ಕೇ ಸಿಗದಷ್ಟು ಚಿಕ್ಕ ಚಿಕ್ಕ ಹೊಡೆತಗಳ ಲೇಸರ್ ಬೆಳಕನ್ನು ಹರಳಿನ, ಅಂದರೆ ಕ್ರಿಸ್ಟಲ್ಲಿನ, ಒಡಲೊಳಗೆ ಕೂಡಿಸಿ, ಮೇಲ್ಮೈಗೆ ಏನೂ ಆಗದಂತೆ, ಒಳಗೆ ಮಾತ್ರ ಎರಡು ಗೀರು ಎಳೆಯುತ್ತೇವೆ. ಗೀರುಗಳ ನಡುವಿನ ಕೂದಲೆಳೆಯಂಥ ಸಂದಿಯಲ್ಲಿ ಬೆಳಕು, ಕಾಲುವೆಯ ನೀರಿನಂತೆ, ಅತ್ತಿತ್ತ ಹರಡದೆ ಓಡುತ್ತದೆ. ಎರಡೂ ತುದಿಗೆ ಕನ್ನಡಿ ಕೂಡಿಸಿ ಇನ್ನೊಂದು ಬೆಳಕು ಉಣಿಸಿದರೆ ಆ ಹರಳೇ ಪುಟ್ಟ ಲೇಸರ್ ಆಗುತ್ತದೆ. ಗಾಜಿನಂತೆ ತಿಳಿಯಾದ ಸೆರಾಮಿಕ್ಕಿನಲ್ಲೂ ಹೀಗೆ ಮಾಡಬಹುದು.

"ಸೆರಾಮಿಕ್ ಅಂದ್ರ ಕಪ್ಪು-ಬಸಿ ಅಲ್ಲಾ? ಚಹಾ ಕುಡ್ಯಾಕ ಬರತೈತೇನು?" ರಜೆಗೆ ಬಂದು ಇದನ್ನು ಹೇಳಿದಾಗ ಕಾಕಾ ಕೇಳಿದ.

"ಬರೂದಿಲ್ಲ."

"ಗೀರು ಎಳದದ್ದರ ಕಾಣಸ್ತೈತಿ?"

"ಬರಿಗಣ್ಣಿಗೆ ಕಾಣೂದಿಲ್ಲ."

"ಬೆಳಕರ?"

"ನಮ್ದು ಕಣ್ಣಿಗೆ ಕಾಣೂ ಜಾತಿ ಬೆಳಕಲ್ಲ, ಕಾಕಾ."

"ಪಗಾರ?"

ನಾನು ಲೋಟ ಎತ್ತಿಕೊಂಡು ತೊಳೆಯಲು ಎದ್ದೆ. ಕಾಕಾ ತನ್ನ ಹೆಂಡತಿ, ನಮ್ಮ ಕಾಕುವಿನ ಕಡೆ ತಿರುಗಿದ. "ಕೇಳಿದೇನು? ಗೀರೂ ಕಾಣೂದಿಲ್ಲ, ಬೆಳಕೂ ಕಾಣೂದಿಲ್ಲ, ಪಗಾರಾನೂ ಕಾಣೂದಿಲ್ಲ. ಭೂತದ ನೌಕರಿ ಐತಿ!"

ಚಿಕ್ಕೋಡಿಯಿಂದ ಅಥಣಿಯವರೆಗೆ, ನೆಂಟರ ಯಾವ ಲಗ್ನದ ಪಂಗತಿಯಲ್ಲೂ ಈ ಮಾತು ಬಡಿಸದೆ ಅವನು ಬಿಡಲಿಲ್ಲ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವನಿಗೇನು, ಸೂಜಿ ಒತ್ತಿದರೆ ಹೆಸರು ಮೂಡುತ್ತದೆ. ನನ್ನ ಬೆಳಕು ತುಸು ಹೆಚ್ಚಾದರೆ ಹರಳು ಸೀಳುತ್ತಿತ್ತು, ತುಸು ಕಡಿಮೆಯಾದರೆ ಗೀರೇ ಇಲ್ಲ!

ಕೊನೆಗೊಮ್ಮೆ ನನ್ನ ಹರಳಿನಿಂದ ಲೇಸರ್ ಹೊಮ್ಮಿತು. ಪ್ರಯೋಗಾಲಯದ ದೊಡ್ಡ ಸರ್ ಬೆನ್ನು ತಟ್ಟಿದರು. ಸಂಶೋಧನಾ ಲೇಖನ ಅಚ್ಚಾಗಿ ಬಂತು. ಸರ್ ಹೆಸರಿದೆ, ಸರ್ ಸ್ನೇಹಿತರದಿದೆ, ಹರಳನ್ನು ಮುಟ್ಟಿಯೂ ನೋಡದವರದಿದೆ. ನಾನು? ಕೊನೆಯಲ್ಲಿ "ಪ್ರಯೋಗಾಲಯದ ಸಹಾಯಕರಿಗೆ ಕೃತಜ್ಞತೆಗಳು" ಎಂಬ ಗುಂಪಿನೊಳಗೆ ಎಲ್ಲೋ ನಿಂತಿದ್ದೇನೆ! ಕೇಳಿದ್ದಕ್ಕೆ, "ವಿಜ್ಞಾನ ಮುಖ್ಯ ಕಣಮ್ಮಾ, ಹೆಸರಲ್ಲ" ಎಂದರು. ತಮ್ಮ ಹೆಸರನ್ನು ಮಾತ್ರ ಯಾಕೋ ಬಿಟ್ಟುಕೊಟ್ಟಿರಲಿಲ್ಲ.

ಊರಿಗೆ ಬಂದೆ. ತುದಿ ಮುರಿದಿದೆ, ಬೇಡ ಎಂದು ಅಲ್ಲಿ ನನಗೇ ಕೊಟ್ಟಿದ್ದ ಹರಳಿನ ತುಂಡೊಂದು ಚೀಲದಲ್ಲಿತ್ತು, ಹೆಬ್ಬೆರಳ ಉಗುರಿನಷ್ಟು. ಕಾಕಾನ ಕೈಗೆ ಹಾಕಿದೆ.

"ತಗೋ, ನಿನಗ ಕೊಟ್ಟೆ. ಭೂತದ ನೌಕರಿ ಮುಗೀತು. ಇನ್ನ ಅಲ್ಲಿಗೆ ಹೋಗೂದಿಲ್ಲ."

ಹೆಸರಿನ ಸಂಗತಿಯನ್ನೂ ಹೇಳಿದೆ. ಈಗ ನಗುತ್ತಾನೆ ಎಂದು ಹಲ್ಲು ಕಚ್ಚಿ ಕಾದೆ. ನಗಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದ.

ಸಂಜೆ ಚಹಾ ಒಯ್ದರೆ ಕಟ್ಟೆಯ ತುಂಬ ಮುರಿದ ಸೂಜಿಗಳು! ಹರಳನ್ನು ಅರಗಿನಲ್ಲಿ ಕೂಡಿಸಿಕೊಂಡು ಕಾಕಾ ಬೆವರು ಸುರಿಸುತ್ತಿದ್ದಾನೆ. ಗಿರಾಕಿಯೊಬ್ಬ ಕೊಡಪಾನ ಹಿಡಿದು ಬೈಯುತ್ತ ನಿಂತಿದ್ದಾನೆ.

"ಏನ ಮಾಡಾಕತ್ತೀ ಕಾಕಾ? ಅದು ನಿನ್ನ ಸ್ಟೀಲಿಗಿಂತ ಗಟ್ಟಿ ಐತಿ!"

"ಕೊಟ್ಟಾಕಿ ನೀ ಅಲ್ಲೇನು? ಹೆಸರ ಬ್ಯಾಡಾ?"

ಬಗ್ಗಿ ನೋಡಿದೆ. ನನ್ನ ಹೆಸರಿನ ಮೊದಲ ಅಕ್ಷರದ ತಲೆಕಟ್ಟು. ಅಷ್ಟೇ. ಅದೂ ಸೊಟ್ಟ. ಕಾಕಾ ಸೂಜಿ ಕೆಳಗಿಟ್ಟ. ಹರಳನ್ನು ಬಿಡಿಸಿ, ಅಂಗಿಯ ತುದಿಯಲ್ಲಿ ಒರೆಸಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ.

"ನನ್ನ ಕಡಿಂದ ಇಷ್ಟ ಆತು ನನ್ನವ್ವಾ. ಉಳದದ್ದ ನೀ ಹೋಗಿ ಹರಳಿನ ಒಳಗ ಬರಕೊಂಡ ಬಾ. ಅಲ್ಲೆ ಬರದ್ರ ಯಾರಿಗೂ ಅಳಸಾಕ ಆಗೂದಿಲ್ಲ."